ಹತ್ತು ವರ್ಷದ ಮಗುವಿಗೆ ಪ್ರಾಚೀನ ರೋಮ್‌ನ ಕಥೆಯನ್ನು ಎಲ್ಲಿಂದ ಆರಂಭಿಸಬೇಕು?

ಐದನೆಯ ತರಗತಿಯಲ್ಲಿರುವ ನಿಮ್ಮ ಮಗಳು ರೋಮ್‌ನ ಕಥೆ ಹೇಳೆಂದು ದುಂಬಾಲು ಬಿದ್ದಿದ್ದಾಳೆ. ಸಮ್ರಾಟರಿಂದ ಆರಂಭಿಸಬೇಕೇ, ಯುದ್ಧಗಳಿಂದ ಆರಂಭಿಸಬೇಕೇ, ಗುಲಾಮಗಿರಿಯಂಥ ಕ್ರೂರ ಸಂಗತಿಗಳನ್ನು ಆ ವಯಸ್ಸಿಗೆ ಹೇಳಬಹುದೇ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆರಂಭದ ವರ್ಷಗಳಲ್ಲಿ ನಾನು ಕ್ರಿ.ಪೂ. 753ರಲ್ಲಿ ರೋಮ್ಯುಲಸ್ ನಗರ ಕಟ್ಟಿದನೆಂಬ ಐತಿಹ್ಯದಿಂದ ಹೊರಟು, ಸಮ್ರಾಟರ ಹೆಸರುಗಳನ್ನು ಒಂದೊಂದಾಗಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ನೀರೋನ ಹೆಸರು ಬರುವಷ್ಟರಲ್ಲಿ ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡುತ್ತಿದ್ದರು. ಅವರದು ತಪ್ಪಿರಲಿಲ್ಲ.

ಈಗ ನಾನು ಒಂದು ಬ್ರೆಡ್ಡಿನಿಂದ ಆರಂಭಿಸುತ್ತೇನೆ. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪಾಂಪೇ ಮತ್ತು ಹರ್ಕ್ಯುಲೇನಿಯಂ ಎಂಬ ಎರಡು ಊರುಗಳು ಹೂತುಹೋದವು. ಪಾಂಪೇಯ ಒಂದು ಬೇಕರಿಯ ಭಟ್ಟಿಯೊಳಗೆ 81 ಬ್ರೆಡ್ಡುಗಳು ಇಟ್ಟಲ್ಲೇ ಇದ್ದಲಿನಂತೆ ಕಪ್ಪಾಗಿ ಉಳಿದಿದ್ದವು. ಅವು ದುಂಡಗಿದ್ದು, ಮುರಿದು ಹಂಚಿಕೊಳ್ಳಲು ಅನುಕೂಲವಾಗಲೆಂದು ಬೇಯಿಸುವ ಮೊದಲೇ ನಡುವಿನಿಂದ ಅಂಚಿನವರೆಗೆ ಎಂಟು ಭಾಗಗಳಾಗಿ ಗೆರೆ ಹಾಕಲಾಗಿತ್ತು. ಅಂಥ ಬ್ರೆಡ್ಡಿನ ಚಿತ್ರವನ್ನು ಮಗಳ ಮುಂದಿಟ್ಟು, ಏನೂ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿರಿ. ಇದನ್ನು ಯಾರು ಮಾಡಿದರು, ಯಾರೂ ಯಾಕೆ ತಿನ್ನಲಿಲ್ಲ, ಅವರೆಲ್ಲ ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಆ ಪ್ರಶ್ನೆಗಳಿಗೆ ಉತ್ತರ ಹೇಳಲು ಕಣ್ಣಾರೆ ಕಂಡವನೊಬ್ಬನಿದ್ದಾನೆ. ಕೊಲ್ಲಿಯ ಆಚೆ ದಡದ ಮಿಸೇನಂ ಎಂಬಲ್ಲಿ ಸೋದರಮಾವನ ಮನೆಯಲ್ಲಿದ್ದ ಹದಿನೇಳು ವರ್ಷದ ಪ್ಲಿನಿ, ಬೆಟ್ಟದ ಮೇಲೆದ್ದ ಹೊಗೆಯು ಕಾಂಡ ನೀಳವಾಗಿದ್ದು ತುದಿಯಲ್ಲಿ ಕೊಂಬೆಗಳು ಹರಡಿದ ಪೈನ್ ಮರದಂತಿತ್ತೆಂದು ಎಷ್ಟೋ ವರ್ಷಗಳ ಅನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಪತ್ರದಲ್ಲಿ ವರ್ಣಿಸಿದ್ದಾನೆ. ನೌಕಾಪಡೆಯ ಮುಖ್ಯಸ್ಥನಾಗಿದ್ದ ಆ ಮಾವನ ಹೆಸರೂ ಪ್ಲಿನಿಯೇ. ಜನರನ್ನು ಪಾರುಮಾಡಲು ಹಡಗುಗಳೊಂದಿಗೆ ಹೊರಟ ಅವನು ಹಿಂದಿರುಗಲಿಲ್ಲ. ಈ ಹಿರಿಯ ಪ್ಲಿನಿಯನ್ನು ನೆನಪಿಡಲು ಮಗಳಿಗೆ ಹೇಳಿ, ಅವನು ಮುಂದೆ ಮತ್ತೆ ಬೇಕಾಗುತ್ತಾನೆ. ಸ್ಫೋಟವಾದದ್ದು ಆಗಸ್ಟ್ 24ರಂದು ಎಂದು ಬಹುಕಾಲ ಎಲ್ಲರೂ ಬರೆಯುತ್ತಿದ್ದರು. 2018ರಲ್ಲಿ ಪಾಂಪೇಯ ಗೋಡೆಯೊಂದರ ಮೇಲೆ ಇದ್ದಿಲಿನಿಂದ ಗೀಚಿದ, ಅಕ್ಟೋಬರ್ ತಿಂಗಳ ದಿನಾಂಕವಿದ್ದ ಬರಹ ಸಿಕ್ಕ ಮೇಲೆ ಅದು ಅಕ್ಟೋಬರ್‌ನಲ್ಲಿ ಆಗಿರಬೇಕೆಂಬ ವಾದಕ್ಕೆ ಬಲ ಬಂತು. ಇತಿಹಾಸದ ಪುಸ್ತಕವೂ ತಿದ್ದುಪಡಿಯಾಗುತ್ತದೆಂದು ತಿಳಿದಾಗ ಮಕ್ಕಳಿಗೆ ಆಗುವ ಖುಷಿಯನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಇನ್ನು ನಿಮ್ಮ ಕಷ್ಟದ ಪ್ರಶ್ನೆ. ಹರ್ಕ್ಯುಲೇನಿಯಂನಲ್ಲಿ ಸಿಕ್ಕ ಇನ್ನೊಂದು ಬ್ರೆಡ್ಡಿನ ಮೇಲೆ ಮುದ್ರೆಯೊಂದನ್ನು ಒತ್ತಲಾಗಿದೆ. ಅದರ ಅರ್ಥ: ‘ಕ್ವಿಂಟಸ್ ಗ್ರಾನಿಯಸ್ ವೇರಸ್‌ನ ಗುಲಾಮ ಸೆಲರ್‌ನದು’. ಹಲವು ಮನೆಗಳ ಬ್ರೆಡ್ಡು ಒಂದೇ ಭಟ್ಟಿಯಲ್ಲಿ ಬೇಯುವಾಗ ಅದಲುಬದಲಾಗದಿರಲೆಂದು ಇಂಥ ಮುದ್ರೆ ಹಾಕುತ್ತಿದ್ದಿರಬೇಕು. ಗುಲಾಮಗಿರಿ ಎಂಬ ಪದದ ವ್ಯಾಖ್ಯಾನದಿಂದ ಹೊರಡುವುದಕ್ಕಿಂತ ಈ ಸೆಲರ್‌ನಿಂದ ಹೊರಡುವುದು ಮೇಲು. ಅವನಿಗೊಂದು ಹೆಸರಿತ್ತು, ಕೆಲಸ ಗೊತ್ತಿತ್ತು, ಆದರೆ ಅವನೇ ಇನ್ನೊಬ್ಬನ ಸೊತ್ತಾಗಿದ್ದ. ಯುದ್ಧದಲ್ಲಿ ಸೆರೆ ಸಿಕ್ಕವರು, ಗುಲಾಮ ತಾಯಿಗೆ ಹುಟ್ಟಿದವರು ಹೀಗಾಗುತ್ತಿದ್ದರು. ಅವರಲ್ಲಿ ಅಡುಗೆಯವರಿದ್ದರು, ವೈದ್ಯರಿದ್ದರು, ಗಣಿಯಲ್ಲಿ ದುಡಿದು ಬೇಗ ಸಾಯುವವರೂ ಇದ್ದರು. ರೋಮನ್ ನಾಗರಿಕನೊಬ್ಬ ಕಾನೂನಿನ ಪ್ರಕಾರ ಬಿಡುಗಡೆ ಮಾಡಿದರೆ ಗುಲಾಮನು ಯಜಮಾನನ ಹೆಸರನ್ನು ಸೇರಿಸಿಕೊಂಡು ತಾನೂ ನಾಗರಿಕನಾಗಬಹುದಿತ್ತು. ಇಷ್ಟನ್ನು ಹತ್ತು ವರ್ಷದ ಮಗು ಚೆನ್ನಾಗಿಯೇ ಅರ್ಥಮಾಡಿಕೊಳ್ಳುತ್ತದೆ. ಜನರ ಮನರಂಜನೆಗಾಗಿ ಅಖಾಡದಲ್ಲಿ ಕಾದಾಡುತ್ತಿದ್ದ ಗ್ಲ್ಯಾಡಿಯೇಟರ್‌ಗಳಲ್ಲಿಯೂ ಅನೇಕರು ಗುಲಾಮರೆಂಬುದನ್ನು ಇಲ್ಲಿಯೇ ಸೇರಿಸಿ ಹೇಳಿ. ಕ್ರಿ.ಶ. 80ರಲ್ಲಿ ತೆರೆದ ಕೊಲೊಸಿಯಂ ಅಖಾಡದ ವೈಭವವನ್ನು ಮೊದಲು ಹೇಳಿ, ಒಳಗೆ ಸತ್ತವರ ಮಾತನ್ನು ಆಮೇಲೆ ಯಾವಾಗಲೋ ಹೇಳುವ ಕ್ರಮ ನನಗೆ ಸರಿಕಾಣುವುದಿಲ್ಲ. ಗುಲಾಮರನ್ನು ಕೂಡಿಸಿ ರೋಮ್ ವಿರುದ್ಧ ಎದ್ದ ಗ್ಲ್ಯಾಡಿಯೇಟರ್ ಸ್ಪಾರ್ಟಕಸ್‌ನ ದಂಗೆ ಹೇಗೆ ಮುಗಿಯಿತೆಂಬ ವಿವರ ಮಾತ್ರ ಇನ್ನು ಮೂರು ನಾಲ್ಕು ವರ್ಷ ಕಾಯಲಿ.

ಆ ಕಾಲದ ಮಕ್ಕಳ ಬದುಕನ್ನು ಹೇಳಲು ಕನ್ನಡದ ಮನೆಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಸ್ವತಂತ್ರ ಕುಟುಂಬದ ರೋಮನ್ ಹುಡುಗನ ಕೊರಳಿಗೆ ‘ಬುಲ್ಲಾ’ ಎಂಬ ತಾಯಿತವಿರುತ್ತಿತ್ತು, ಕೆಟ್ಟ ದೃಷ್ಟಿ ತಾಗದಿರಲೆಂದು. ಹದಿನೈದು ಹದಿನಾರರ ಸುಮಾರಿಗೆ ದೊಡ್ಡವರ ಟೋಗಾ ಉಡುವ ದಿನ ಅದನ್ನು ತೆಗೆದು ಮನೆದೇವರಿಗೆ ಒಪ್ಪಿಸುತ್ತಿದ್ದ. ಶಾಲೆಯಲ್ಲಿ ಮೇಣ ಬಳಿದ ಹಲಗೆಯ ಮೇಲೆ ಚೂಪಾದ ಕಡ್ಡಿಯಿಂದ ಬರೆದು, ತಪ್ಪಾದರೆ ಅದೇ ಕಡ್ಡಿಯ ಚಪ್ಪಟೆ ತುದಿಯಿಂದ ಉಜ್ಜಿ ಅಳಿಸುತ್ತಿದ್ದರು. ತಾಳೆಗರಿಯ ಮೇಲೆ ಕಂಟದಿಂದ ಬರೆಯುತ್ತಿದ್ದ ನಮ್ಮ ಲಿಪಿಕಾರರಿಗೆ ಅಳಿಸುವ ಈ ಅನುಕೂಲವಿರಲಿಲ್ಲ. ಲೆಕ್ಕಕ್ಕೆ ಸಣ್ಣ ಕಲ್ಲುಗಳನ್ನೂ ಬಳಸುತ್ತಿದ್ದರು. ಅಂಥ ಕಲ್ಲಿಗೆ ಲ್ಯಾಟಿನ್‌ನಲ್ಲಿ ‘ಕ್ಯಾಲ್ಕುಲಸ್’ ಎಂದು ಹೆಸರು.

ನನ್ನ ತರಗತಿಯಲ್ಲಿ ಎಂದೂ ಸೋಲದ ಪಾಠವೆಂದರೆ ಗೋಡೆಯ ಕ್ಯಾಲೆಂಡರ್. ಸಪ್ತ, ಅಷ್ಟ, ನವ, ದಶ ಎಂದು ಮಗಳಿಂದ ಹೇಳಿಸಿ. ಲ್ಯಾಟಿನ್‌ನಲ್ಲಿ ಅವೇ ಸಂಖ್ಯೆಗಳು ಸೆಪ್ಟೆಮ್, ಆಕ್ಟೋ, ನೊವೆಮ್, ಡೆಕೆಮ್. ಸಂಸ್ಕೃತವೂ ಲ್ಯಾಟಿನ್ನೂ ಒಂದೇ ಭಾಷಾ ಕುಟುಂಬಕ್ಕೆ ಸೇರಿದವಾದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ. ಹಾಗಾದರೆ ಏಳನೆಯ ತಿಂಗಳಾಗಬೇಕಿದ್ದ ಸೆಪ್ಟೆಂಬರ್ ಒಂಬತ್ತನೆಯದಾದದ್ದು ಹೇಗೆ ಎಂದು ಅವಳೇ ಕೇಳುತ್ತಾಳೆ. ಹಿಂದೆ ರೋಮನ್ನರ ವರ್ಷ ಮಾರ್ಚ್‌ನಿಂದ ಆರಂಭವಾಗುತ್ತಿತ್ತು, ಅಷ್ಟೇ. ಋತುಗಳಿಗೂ ಪಂಚಾಂಗಕ್ಕೂ ತಾಳ ತಪ್ಪಿದ್ದನ್ನು ಸರಿಪಡಿಸಲು ಜೂಲಿಯಸ್ ಸೀಸರ್ ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಹಿಗ್ಗಿಸಿದ. ಅವನ ಹೆಸರು ಜುಲೈಗೆ ಬಂತು, ಅವನ ದತ್ತುಪುತ್ರ ಅಗಸ್ಟಸ್‌ನ ಹೆಸರು ಮುಂದಿನ ತಿಂಗಳಿಗೆ. ಸಮ್ರಾಟರು ಕಥೆಯೊಳಗೆ ಬರಬೇಕಾದದ್ದು ಹೀಗೆ, ಯಾವುದಾದರೂ ವಸ್ತುವಿನ ಕೈಹಿಡಿದು.

ಕೊನೆಗೆ ಅಡುಗೆಮನೆಯ ಕರಿಮೆಣಸು. ಹಿರಿಯ ಪ್ಲಿನಿ ಬರೆದಿಟ್ಟ ಬೆಲೆಯಂತೆ ಒಂದು ರೋಮನ್ ಪೌಂಡ್ ಕರಿಮೆಣಸಿಗೆ 4 ದಿನೇರಿಯಸ್ ಬೆಳ್ಳಿ ನಾಣ್ಯ. ಖಾರವೊಂದನ್ನು ಬಿಟ್ಟರೆ ಬೇರೆ ಗುಣವಿಲ್ಲದ ಈ ಪದಾರ್ಥಕ್ಕಾಗಿ ಭಾರತದವರೆಗೆ ಹೋಗಬೇಕೇ ಎಂದು ಗೊಣಗುವ ಅವನು, ಭಾರತವು ಪ್ರತಿವರ್ಷ ತಮ್ಮಿಂದ 5 ಕೋಟಿ ಸೆಸ್ಟರ್ಸ್ ಹಣ ಸೆಳೆಯುತ್ತಿದೆ ಎಂದೂ ದೂರುತ್ತಾನೆ. ಕೇರಳದ ಮುಜಿರಿಸ್ ಬಂದರಿನಿಂದ ಹಡಗುಗಳು ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಹಾಗೆ ಈ ಕಡೆ ಬಂದ ಬೆಳ್ಳಿ ಕರಾವಳಿಯಲ್ಲಿಯೇ ನಿಲ್ಲಲಿಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ನಮ್ಮ ಹಳೆಯ ಗ್ರಂಥಗಳ ‘ದೀನಾರ’ ಎಂಬ ಪದವೂ ಆ ದಿನೇರಿಯಸ್‌ನಿಂದಲೇ ಬಂದದ್ದು. ಇತ್ತ ಪಾಂಪೇಯ ಮನೆಯೊಂದರಲ್ಲಿ 1938ರಲ್ಲಿ ಸಿಕ್ಕ, ಗೇಣುದ್ದದ ದಂತದ ಭಾರತೀಯ ಸ್ತ್ರೀಮೂರ್ತಿ ಇಂದು ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ದೇಶದ ಯಾವುದೋ ಕುಶಲಕರ್ಮಿಯ ಕೈಯಲ್ಲಿ ರೂಪುಗೊಂಡ ಅವಳೂ ಆ ಬ್ರೆಡ್ಡುಗಳ ಜೊತೆಗೇ ಬೂದಿಯಡಿ ಸೇರಿದವಳು.

ಇಸವಿಗಳು ಬೇಡವೇ ಬೇಡ ಎನ್ನುತ್ತಿಲ್ಲ. ಗಣರಾಜ್ಯ ಆರಂಭವಾಯಿತೆನ್ನುವ ಕ್ರಿ.ಪೂ. 509, ಅಗಸ್ಟಸ್ ಅಧಿಕಾರ ಭದ್ರಪಡಿಸಿಕೊಂಡ ಕ್ರಿ.ಪೂ. 27, ಪಶ್ಚಿಮದ ಕೊನೆಯ ಸಮ್ರಾಟ ಪದಚ್ಯುತನಾದ ಕ್ರಿ.ಶ. 476, ಈ ಮೂರು ಸಾಕು. ಉದ್ದನೆಯ ದಾರವೊಂದನ್ನು ಗೋಡೆಗೆ ಕಟ್ಟಿ ಮೂರು ಚೀಟಿ ಸಿಕ್ಕಿಸಿ, ಸೆಲರ್‌ನ ಬ್ರೆಡ್ಡು ಎಲ್ಲಿ ಬರಬೇಕೆಂದು ಮಗಳೇ ಹುಡುಕಲಿ.