ದಿನವಿಡೀ ಪಾಠ ಮಾಡುವವರು ಸ್ವರ ಉಳಿಸಿಕೊಳ್ಳುವುದು ಹೇಗೆ?

ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ಶುಕ್ರವಾರದ ಹೊತ್ತಿಗೆ ಸ್ವರ ಕೂತುಹೋಗುತ್ತದೆ, ಕಷಾಯ, ಜೇನು, ಜ್ಯೇಷ್ಠಮಧು ಎಲ್ಲ ಆಯಿತು, ಇನ್ನೇನು ಕುಡಿಯಲಿ ಎಂದು ಕೇಳಿದ್ದೀರಿ. ನಾನೂ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ನಿಮ್ಮ ಕಷ್ಟ ಚೆನ್ನಾಗಿ ಗೊತ್ತು. ಆದರೆ ಏನು ಕುಡಿಯುತ್ತೀರಿ ಅನ್ನುವುದಕ್ಕಿಂತ ಎಷ್ಟು ಕೂಗುತ್ತೀರಿ ಅನ್ನುವುದೇ ಮುಖ್ಯ.

ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ಸ್ವರ ಹೊರಡಿಸುವ ಧ್ವನಿತಂತುಗಳಿರುವುದು (ವೋಕಲ್ ಕಾರ್ಡ್ಸ್) ಉಸಿರಿನ ದಾರಿಯಲ್ಲಿ. ಒಂದು ಹನಿ ಆ ಕಡೆ ಹೋದರೂ ನೆತ್ತಿಗೆ ಹತ್ತಿ ಕೆಮ್ಮುತ್ತೇವೆ, ಅಲ್ವಾ? ಹಾಗಾಗಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ತಂತುಗಳನ್ನು ಮುಟ್ಟುವುದಿಲ್ಲ. ನೀರಂತೂ ಬೇಕೇ ಬೇಕು. ಮೈಯಲ್ಲಿ ನೀರು ಸಾಕಷ್ಟಿದ್ದರೆ ತಂತುಗಳ ಮೇಲಿನ ಲೋಳೆ ತೆಳುವಾಗಿರುತ್ತದೆ. ಗಂಟಲು ಒಣಗಿದ ಮೇಲೆ ಒಂದೇ ಸಲ ಕುಡಿಯುವ ಬದಲು ಬೆಳಿಗ್ಗೆಯಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಶಾಲೆಯ ಶೌಚಾಲಯ ಸರಿಯಿಲ್ಲ ಎಂದು ಎಷ್ಟೋ ಶಿಕ್ಷಕಿಯರು ಸಂಜೆವರೆಗೂ ನೀರೇ ಮುಟ್ಟುವುದಿಲ್ಲ. ನಿಮ್ಮಲ್ಲೂ ಹಾಗಿದ್ದರೆ ದಯವಿಟ್ಟು ಸಂಕೋಚಪಡದೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ.

ಈಗ ಕೂಗುವ ವಿಷಯ. ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಗಂಡಸರಲ್ಲಿ ಇದು 100ರಿಂದ 130ರ ಆಸುಪಾಸು. ದನಿ ಏರಿಸಿದಷ್ಟೂ ಆ ಹೊಡೆತ ಜೋರಾಗುತ್ತದೆ. ಸುತ್ತ ಗದ್ದಲವಿದ್ದರೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಫ್ರಾನ್ಸಿನ ಲೊಂಬಾರ್ಡ್ ಎಂಬ ವೈದ್ಯರು 1911ರಲ್ಲೇ ಇದನ್ನು ಗುರುತಿಸಿದ್ದರು. ಅಂದರೆ ಮೆಲ್ಲಗೆ ಮಾತಾಡುತ್ತೇನೆ ಎಂದು ಸುಮ್ನೆ ನಿಶ್ಚಯ ಮಾಡಿದರೆ ಸಾಲದು, ಮೊದಲು ಗದ್ದಲ ತಗ್ಗಬೇಕು.

ನಾನು ಚಪ್ಪಾಳೆ ತಟ್ಟಿ, ಕ್ಲಾಸು ಸುಮ್ಮನಾಗುವವರೆಗೂ ಕಾಯುತ್ತೇನೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದಿಲ್ಲ. ಮೊದಲು ಬರೆದು, ಆಮೇಲೆ ಮಕ್ಕಳ ಕಡೆ ತಿರುಗಿ ಹೇಳುತ್ತೇನೆ. ಹಿಂದಿನ ಬೆಂಚಿನ ಹುಡುಗನನ್ನು ಕೂಗಿ ಕರೆಯುವ ಬದಲು ಅವನ ಹತ್ತಿರ ಹೋಗುತ್ತೇನೆ. ನಿಮಗೆ ಮಗ್ಗಿ, ಪದ್ಯ ಹೇಳಿಸುವ ಕೆಲಸ ಜಾಸ್ತಿ ಇರುತ್ತದೆ. ಮಕ್ಕಳ ಜೊತೆ ನೀವೂ ದನಿ ಸೇರಿಸಬೇಡಿ, ಒಬ್ಬ ಹುಡುಗಿ ಹೇಳಿಕೊಡಲಿ, ಉಳಿದವರು ಹೇಳಲಿ. ಆಟದ ಮೈದಾನದಲ್ಲಿ ಸೀಟಿ ಬಳಸಿ. ಕ್ಲಾಸಿನಲ್ಲಿ 50–60 ಮಕ್ಕಳಿದ್ದರೆ ಸೊಂಟಕ್ಕೆ ಕಟ್ಟುವ ಚಿಕ್ಕ ಸ್ಪೀಕರ್, ಮೈಕ್ ತೆಗೆದುಕೊಳ್ಳಿ. ನಾಚಿಕೆ ಬೇಡ, ಇದು ನಮ್ಮ ಕೆಲಸದ ಸಲಕರಣೆ.

ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ ಇದೆಯೇ? ಪ್ರತಿ ಸಲವೂ ತಂತುಗಳು ಬಲವಾಗಿ ಬಡಿದುಕೊಳ್ಳುತ್ತವೆ. ಹಾಗೆ ಅನ್ನಿಸಿದಾಗ ಒಂದು ಗುಟುಕು ನೀರು ನುಂಗಿ. ಸ್ವರ ಕೂತಾಗ ಪಿಸುಮಾತಿನಲ್ಲಿ ಪಾಠ ಮಾಡುವುದೂ ಬೇಡ. ಅನೇಕರು ಪಿಸುಗುಟ್ಟುವಾಗ ಗಂಟಲನ್ನು ಇನ್ನಷ್ಟು ಬಿಗಿಹಿಡಿಯುತ್ತಾರೆ. ಮಾತಾಡಲೇಬೇಕಾದರೆ ಸಹಜ ದನಿಯಲ್ಲಿ, ಕಡಿಮೆ ಮಾತಾಡಿ.

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮಾಡಲು ಒಂದು ಸುಲಭ ಅಭ್ಯಾಸವಿದೆ. ಲೋಟದಲ್ಲಿ ಸ್ವಲ್ಪ ನೀರು ಹಾಕಿ, ಸ್ಟ್ರಾ ಅದ್ದಿ, ಗುಳ್ಳೆ ಏಳುವಂತೆ ಮೆಲ್ಲಗೆ 'ಊ' ಎಂದು ದನಿ ಹೊರಡಿಸಿ. ಎರಡು ಮೂರು ನಿಮಿಷ ಸಾಕು. ಸ್ಪೀಚ್ ಥೆರಪಿಸ್ಟರೂ ಇಂಥದ್ದನ್ನು ಹೇಳಿಕೊಡುತ್ತಾರೆ. ತಂತುಗಳ ಮೇಲೆ ಭಾರ ಬೀಳದೆ ದನಿ ಸಡಿಲವಾಗುತ್ತದೆ.

ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಹುಳಿತೇಗು ಮೇಲೆ ಬಂದರೆ ಬೆಳಿಗ್ಗೆ ಸ್ವರ ಒರಟಾಗುತ್ತದೆ. ಕಾಫಿ ಬಿಡಬೇಕಾಗಿಲ್ಲ, ಮಿತಿಯಿರಲಿ.

ಒಂದು ವಿಷಯ ಗಮನಿಸಿ: ಸೋಮವಾರಕ್ಕೆ ನಿಮ್ಮ ಸ್ವರ ಪೂರ್ತಿ ವಾಪಸ್ ಬರುತ್ತದೆಯೇ? ಬರುತ್ತಿದ್ದರೆ ಅದು ಹೆಚ್ಚಾಗಿ ದಣಿವು. ಮೂರು ವಾರವಾದರೂ ಒರಟುತನ ಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ತಂತುಗಳನ್ನು ನೋಡಿಸಿ. ನುಂಗಲು ಕಷ್ಟ, ಉಸಿರಾಟದ ತೊಂದರೆ ಅಥವಾ ಕಫದಲ್ಲಿ ರಕ್ತ ಇದ್ದರೆ ಕಾಯಲೇಬೇಡಿ. ಜಾಸ್ತಿ ಕೂಗುವವರ ತಂತುಗಳಲ್ಲಿ ಸಣ್ಣ ಗಂಟುಗಳಾಗುವುದುಂಟು. ಹೆದರಬೇಡಿ, ಬಹಳ ಸಲ ಆಪರೇಷನ್ ಇಲ್ಲದೆ ಧ್ವನಿ ಚಿಕಿತ್ಸೆಯಿಂದಲೇ ಅವು ಕರಗುತ್ತವೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ಸಮಸ್ಯೆಗಳಿಗೂ ತಪಾಸಣೆ, ಚಿಕಿತ್ಸೆ ಇದೆ. ಹತ್ತಿರವಿದ್ದರೆ ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ.