ಓದುಗರ ಪ್ರಶ್ನೆ: ಶುಲ್ಕವಿಲ್ಲದ ಕಾಲೇಜು ಶುಲ್ಕ ಕೇಳಲು ಹೊರಟಾಗ

ಪ್ರಶ್ನೆ: ನಮ್ಮ ಸಮಾಜದ ಟ್ರಸ್ಟ್ ಹಲವು ದಶಕಗಳಿಂದ ಬೋಧನಾ ಶುಲ್ಕ ಪಡೆಯದೆ ಒಂದು ಸಂಜೆ ಕಾಲೇಜನ್ನು ನಡೆಸುತ್ತಿದೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಊರಿನ ಹುಡುಗರು ಇಲ್ಲಿ ಓದಿ ಬಿ.ಕಾಂ. ಮುಗಿಸಿದ್ದಾರೆ. ಈಗ ದಾನಿಗಳು ಕಡಿಮೆಯಾಗಿದ್ದಾರೆ. ಹೊಸ ಕಟ್ಟಡಕ್ಕೆ ಸಾಲ ಮಾಡಿ, ಬರುವ ಜೂನ್‌ನಿಂದ ಅಲ್ಪ ಶುಲ್ಕ ವಿಧಿಸೋಣವೆಂದು ಸಮಿತಿಯ ಬಹುಮತ ಹೇಳುತ್ತಿದೆ. ಸದಸ್ಯನಾಗಿ ನಾನು ಒಪ್ಪಬೇಕೆ? (ಓದುಗರು, ಡೊಂಬಿವಲಿ)

ಉತ್ತರ: ಲೆಕ್ಕಪತ್ರವನ್ನು ಪೂರ್ತಿ ನೋಡುವವರೆಗೆ ಒಪ್ಪಬೇಡಿ. ಕೊರತೆ ಪಾಠ ನಡೆಸುವ ಖರ್ಚಿನಿಂದ ಹುಟ್ಟಿದೆಯೋ, ಕಟ್ಟಡದ ಆಸೆಯಿಂದ ಹುಟ್ಟಲಿದೆಯೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ, ಏಕೆಂದರೆ ಎರಡಕ್ಕೂ ಪರಿಹಾರ ಒಂದೇ ಅಲ್ಲ.

ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನ ಕಥೆಯನ್ನು ನಿಮ್ಮ ಸಮಿತಿಯ ಮುಂದೆ ಇಡಬಹುದು. ಪೀಟರ್ ಕೂಪರ್ ಎಂಬ ಉದ್ಯಮಿ 1859ರಲ್ಲಿ ದುಡಿಯುವ ಜನರಿಗಾಗಿಯೇ ಅದನ್ನು ಸ್ಥಾಪಿಸಿದರು. ಅಲ್ಲಿಯೂ ಆರಂಭದಿಂದಲೇ ಸಂಜೆಯ ತರಗತಿಗಳಿದ್ದವು. 20ನೆಯ ಶತಮಾನದುದ್ದಕ್ಕೂ ಅಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳು ಬೋಧನಾ ಶುಲ್ಕ ಕಟ್ಟಬೇಕಾಗಿರಲಿಲ್ಲ. ಅದು ಬಡ ಸಂಸ್ಥೆಯೂ ಅಲ್ಲ: ಪ್ರಸಿದ್ಧ ಕ್ರೈಸ್ಲರ್ ಕಟ್ಟಡ ನಿಂತಿರುವ ನೆಲವೇ ಅದರ ಆಸ್ತಿ. ಆದರೆ ವರ್ಷ ವರ್ಷದ ಕೊರತೆ ಮುಂದುವರಿದಿದ್ದಾಗಲೇ ಆಡಳಿತ ಮಂಡಳಿಯು ಆ ನೆಲದ ಆಧಾರದ ಮೇಲೆ 17.5 ಕೋಟಿ ಡಾಲರ್ ಸಾಲ ಪಡೆದು, 2009ರಲ್ಲಿ ಭವ್ಯವಾದ ಹೊಸ ಕಟ್ಟಡವನ್ನು ತೆರೆಯಿತು. ಬಡ್ಡಿಯ ಹೊರೆ ಏರಿತು, ನಿರೀಕ್ಷಿಸಿದಷ್ಟು ದೇಣಿಗೆ ಬರಲಿಲ್ಲ. 2014ರಲ್ಲಿ ಸೇರುವ ವಿದ್ಯಾರ್ಥಿಗಳಿಂದ ವರ್ಷಕ್ಕೆ ಸುಮಾರು 20,000 ಡಾಲರ್‌ವರೆಗೆ ಶುಲ್ಕ ಪಡೆಯುವುದಾಗಿ 2013ರ ಏಪ್ರಿಲ್‌ನಲ್ಲಿ ಪ್ರಕಟಿಸಲಾಯಿತು. ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯಲ್ಲೇ ವಾರಗಟ್ಟಲೆ ಧರಣಿ ಕೂತರು, ಕೆಲವರು ನ್ಯಾಯಾಲಯಕ್ಕೆ ಹೋದರು. ರಾಜ್ಯದ ಅಟಾರ್ನಿ ಜನರಲ್ ಮಧ್ಯಪ್ರವೇಶಿಸಿ 2015ರಲ್ಲಿ ರಾಜಿಯಾಯಿತು. ಆಡಳಿತ ಮಂಡಳಿಗೆ ವಿದ್ಯಾರ್ಥಿ ಪ್ರತಿನಿಧಿಗಳು ಬಂದರು, ಲೆಕ್ಕಕ್ಕೆ ಸ್ವತಂತ್ರ ಮೇಲ್ವಿಚಾರಕರು ನೇಮಕವಾದರು. ಹತ್ತು ವರ್ಷಗಳಲ್ಲಿ ಮತ್ತೆ ಎಲ್ಲರಿಗೂ ಶುಲ್ಕರಹಿತವಾಗುವ ಯೋಜನೆ 2018ರಲ್ಲಿ ಸಿದ್ಧವಾಗಿ, 2024ರಲ್ಲಿ ಅಂತಿಮ ವರ್ಷದವರ ಶುಲ್ಕ ಮನ್ನಾ ಆಯಿತು. ಹೋದದ್ದನ್ನು ಹಿಂದಕ್ಕೆ ತರಲು ಇಷ್ಟು ವರ್ಷಗಳು ಬೇಕಾದವು. ಅದೇ ನಗರದ ಸರ್ಕಾರಿ ಸಿಟಿ ಕಾಲೇಜಿನ ಗತಿ ಇನ್ನೂ ಕಠಿಣವಾದದ್ದು: 1847ರಿಂದ ಬಂದ ಉಚಿತ ಶಿಕ್ಷಣ ನಗರದ ಹಣಕಾಸಿನ ಬಿಕ್ಕಟ್ಟಿನಲ್ಲಿ 1976ಕ್ಕೆ ನಿಂತಿತು; ಅಲ್ಲಿ ಶುಲ್ಕ ಇಂದಿಗೂ ಇದೆ.

ಆದ್ದರಿಂದ ‘ಅಲ್ಪ ಶುಲ್ಕ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಒಮ್ಮೆ ಶುಲ್ಕವು ಆದಾಯದ ಬಾಬ್ತಾದರೆ ಮುಂದಿನ ಪ್ರತಿ ಕೊರತೆಗೂ ಮೊದಲು ಕೈ ಹೋಗುವುದು ಅದಕ್ಕೇ. ದಾನಿಗಳೂ ‘ಈಗ ಹುಡುಗರೇ ಕಟ್ಟುತ್ತಾರಲ್ಲ’ ಎಂದುಕೊಳ್ಳುತ್ತಾರೆ.

ಸಾಲದ ವಿಚಾರದಲ್ಲಿ ಕಾನೂನು ನಿಮ್ಮ ಕಡೆಗಿದೆ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್‌ಗಳ ಕಾಯ್ದೆಯ ಪ್ರಕಾರ ಟ್ರಸ್ಟ್‌ಗಳ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಅಧಿಕಾರಿಯಾದ ಚಾರಿಟಿ ಕಮಿಷನರರ ಪೂರ್ವಾನುಮತಿಯಿಲ್ಲದೆ ಟ್ರಸ್ಟಿಗಳು ಟ್ರಸ್ಟ್‌ಗಾಗಿ ಸಾಲ ಮಾಡುವಂತಿಲ್ಲ, ಸ್ಥಿರಾಸ್ತಿಯನ್ನು ಮಾರುವಂತೆಯೂ ಇಲ್ಲ. ಟ್ರಸ್ಟ್ ಡೀಡನ್ನು ತರಿಸಿ ಓದಿ. ‘ಉಚಿತ’ ಎಂಬುದು ಉದ್ದೇಶಗಳಲ್ಲಿ ಬರೆದಿದ್ದರೆ ಕೇವಲ ಬಹುಮತದಿಂದ ಅದನ್ನು ಬದಿಗೊತ್ತಬಾರದು, ಮೊದಲು ವಕೀಲರ ಅಭಿಪ್ರಾಯ ಪಡೆಯಿರಿ. ಅನಂತರ ಹೊಸ ಕಟ್ಟಡದ ಬದಲು ಹಳೆಯದರ ದುರಸ್ತಿಗೆ ಅಂದಾಜು ಕೇಳಿ, ಇಲ್ಲಿ ಓದಿ ಇಂದು ಸ್ವಂತ ಹೋಟೆಲು ನಡೆಸುತ್ತಿರುವವರ ಪಟ್ಟಿ ಮಾಡಿ, ಅವರಿಂದ ಮೂಲನಿಧಿಗೆಂದೇ ದೇಣಿಗೆ ಕೋರಿ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಟ್ರಸ್ಟ್‌ಗಿದ್ದರೆ ಅದನ್ನೂ ಮನವಿಯಲ್ಲಿ ತಿಳಿಸಿ. ಆ ಮೂಲನಿಧಿಯನ್ನು ಮುಟ್ಟದೆ ಬಡ್ಡಿಯಿಂದಲೇ ಸಂಬಳ ನಡೆಯಬೇಕೆಂಬ ಠರಾವನ್ನು ಲಿಖಿತವಾಗಿ ಪಾಸು ಮಾಡಿಸಿ.

ಪ್ರಶ್ನೆ: ಶುಲ್ಕದ ಬದಲು ವಿದ್ಯಾರ್ಥಿಗಳಿಂದ ಕೆಲಸ ಮಾಡಿಸುವುದು ಸರಿಯೆ? (ಓದುಗರು, ಮಡಗಾಂವ್)

ಉತ್ತರ: ಅದಕ್ಕೆ ಒಳ್ಳೆಯ ಪರಂಪರೆಯೇ ಇದೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ‘ದುಡಿದು ಕಲಿ’ ಎಂಬ ಪದ್ಧತಿಯಿಂದಲೇ ಬಡ ಮಕ್ಕಳನ್ನು ಓದಿಸಿದರು. ಅವರ ಮನೆತನದ ಮೂಲ ನಮ್ಮ ಮೂಡುಬಿದಿರೆ ಎಂಬುದನ್ನು ಇಲ್ಲಿನ ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ವಿದ್ಯಾರ್ಥಿನಿಲಯದ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಮಾರಿದರು. ಅಮೆರಿಕದ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕ ಪಡೆದಿಲ್ಲ. ಅಲ್ಲಿ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ಆದರೆ ಆ ಕಾಲೇಜನ್ನು ಉಳಿಸಿರುವುದು ಮುಖ್ಯವಾಗಿ ಅದರ ಮೂಲನಿಧಿ. ಷರತ್ತಿಲ್ಲದೆ ಉಯಿಲಿನ ಮೂಲಕ ಬಂದ ಹಣವೆಲ್ಲ ಆ ನಿಧಿಗೇ ಸೇರಬೇಕೆಂದು 1920ರಲ್ಲಿಯೇ ನಿಯಮ ಮಾಡಿಕೊಂಡಿದ್ದರು. ಹಗಲೆಲ್ಲ ದುಡಿದು ಬರುವ ಹುಡುಗನಿಗೆ ಇನ್ನೂ ಕೆಲಸ ಹೇರುವುದನ್ನು ಮಾತ್ರ ನಾನು ಒಪ್ಪಲಾರೆ.

ಪ್ರಶ್ನೆ: ಮಗಳ ಎಂಜಿನಿಯರಿಂಗ್ ಶುಲ್ಕ ಸರ್ಕಾರದಿಂದ ಮನ್ನಾ ಆಗಿದೆ ಎನ್ನುತ್ತಾರೆ, ಆದರೂ ಕಾಲೇಜು ಪೂರ್ತಿ ಹಣ ಕೇಳುತ್ತಿದೆ. (ಓದುಗರು, ಪುಣೆ)

ಉತ್ತರ: 2024ರ ಜುಲೈ ತಿಂಗಳ ಮಹಾರಾಷ್ಟ್ರ ಸರ್ಕಾರದ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ ಇ.ಡಬ್ಲ್ಯೂ.ಎಸ್. (ಆರ್ಥಿಕವಾಗಿ ದುರ್ಬಲ), ಎಸ್.ಇ.ಬಿ.ಸಿ. (ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ) ಮತ್ತು ಒ.ಬಿ.ಸಿ. (ಇತರ ಹಿಂದುಳಿದ) ವರ್ಗಗಳ ಹುಡುಗಿಯರಿಗೆ, ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಪರ ಕೋರ್ಸು ಸೇರಿದ್ದರೆ, ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮನ್ನಾ. ಈ ಹಣವನ್ನು ಸರ್ಕಾರ ಅನಂತರ ತುಂಬಿಕೊಡುತ್ತದೆ. ಅದು ತಡವಾದಾಗ ಒತ್ತಡಕ್ಕೆ ಸಿಲುಕಿದ ಕಾಲೇಜು ಪಾಲಕರ ಕಡೆಗೆ ತಿರುಗುತ್ತದೆ. ಕಾಲೇಜಿನ ಕಷ್ಟ ನಿಜವಿರಬಹುದು, ಆದರೆ ಅದನ್ನು ನಿಮ್ಮ ಮಗಳ ಮೇಲೆ ಹೊರಿಸುವುದು ಅನ್ಯಾಯ. ಹಾಸ್ಟೆಲು, ಮೆಸ್ಸಿನ ಖರ್ಚು ಈ ಮನ್ನಾದಲ್ಲಿ ಸೇರಿಲ್ಲವಾದ್ದರಿಂದ, ಮೊದಲು ಬೇಡಿಕೆಯ ವಿವರವನ್ನು ಬಾಬ್ತುವಾರು ಲಿಖಿತವಾಗಿ ಪಡೆಯಿರಿ. ಆದಾಯದ ಹಾಗೂ ಜಾತಿಯ ಪ್ರಮಾಣಪತ್ರಗಳೊಂದಿಗೆ ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಅದರ ಪ್ರತಿಯನ್ನು ಕಾಲೇಜಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ; ಆಮೇಲೂ ಬೋಧನಾ ಶುಲ್ಕ ಕೇಳಿದರೆ ತಾಂತ್ರಿಕ ಶಿಕ್ಷಣ ಇಲಾಖೆಯ ಪುಣೆ ವಿಭಾಗೀಯ ಕಚೇರಿಗೆ ಆ ಪತ್ರಗಳ ಸಮೇತ ದೂರು ನೀಡಿ.