ಎರಡು ಕಾಲಾ, ಮೂರು ಕಾಲಾ, ನಾಲ್ಕು ಕಾಲಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬ್ರಿಟನ್ನಿನಲ್ಲಿ ಜಿಂಕೆ ಹೊಡೆಯಲು ಹೋಗುವವರು ರೈಫಲ್ ಊರಲು ಒಯ್ಯುವ ಕೋಲು, ಅಲ್ಲಿನವರ ಬಾಯಲ್ಲಿ ಶೂಟಿಂಗ್ ಸ್ಟಿಕ್ಸ್. ಹಿಂದಿನ ಸಂಚಿಕೆಯಲ್ಲಿ ಅದರ ಹೆಸರು ಸುಮ್ನೆ ಒಂದು ಸಾಲಿನಲ್ಲಿ ಬಂದುಹೋಗಿತ್ತು, ಅಷ್ಟಕ್ಕೇ ಇಷ್ಟು ಪತ್ರ! ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಲ್ಲಿನ ಕಾನೂನಿನೊಳಗೆ ನಡೆಯುವ ಕೆಲಸದ ಬಗ್ಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಬೇಟೆ ಅಪರಾಧ.

ಪ್ರಶ್ನೆ: ಸರ್, ನಾನು ಅಬರ್ಡೀನಿನಲ್ಲಿ ಕೆಲಸದಲ್ಲಿದ್ದೇನೆ. ಆಫೀಸಿನ ಗೆಳೆಯರೊಬ್ಬರು ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡ್ಸ್‌ನ ಒಂದು ಎಸ್ಟೇಟಿಗೆ ಕೆಂಪು ಜಿಂಕೆಯ ಬೇಟೆಗೆ ಕರೆದಿದ್ದಾರೆ. ಅಂಗಡಿಗೆ ಹೋದರೆ ಎರಡು ಕಾಲಿನದು, ಮೂರು ಕಾಲಿನದು, ನಾಲ್ಕು ಕಾಲಿನದು ಅಂತ ಸಾಲಾಗಿ ನಿಲ್ಲಿಸಿದ್ದಾರೆ. ಯಾವುದು ತಗೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಮೊದಲು ಗೆಳೆಯರನ್ನು ಒಂದು ಮಾತು ಕೇಳಿ: ಹೋಗುವುದು ಬೋಳು ಗುಡ್ಡಕ್ಕಾ, ಕಾಡಿಗಾ?

ಗುಡ್ಡ ಅಂದರೆ ಮರವಿಲ್ಲದ ಜಾಗ. ಮೊಣಕಾಲೆತ್ತರದ ಹೆದರ್ ಪೊದೆ, ನಡುನಡುವೆ ಕಾಲಿಟ್ಟರೆ ಹೂತುಹೋಗುವ ಜೌಗು. ಅಲ್ಲಿ ಕೊನೆಯ ಒಂದಷ್ಟು ದೂರವನ್ನು ಎಷ್ಟೋ ಸಲ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕಾಗುತ್ತದೆ. ಗುಂಡು ಹಾರಿಸುವುದೂ ಬೋರಲು ಮಲಗಿಯೇ. ರೈಫಲ್ಲಿಗೆ ಆಸರೆ ಅಂದರೆ ಬೆನ್ನಚೀಲ, ಇಲ್ಲವೇ ರೈಫಲ್ಲಿಗೇ ಸಿಕ್ಕಿಸಿದ ಪುಟ್ಟ ಬೈಪಾಡ್, ಅಂದರೆ ಎರಡು ಕಾಲಿನ ಗಿಡ್ಡ ಊರೆ. ನಿಮ್ಮ ಜೊತೆ ಎಸ್ಟೇಟಿನ ಸ್ಟಾಕರ್, ಅಂದರೆ ಜಿಂಕೆಯ ಹತ್ತಿರ ಕರೆದೊಯ್ಯುವ ಬೇಟೆಗಾರ, ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ರೈಫಲ್ಲೂ ಅವರದ್ದೇ. ಗುಡ್ಡ ಹತ್ತುವ ಮುಂಚೆ ಒಂದು ಗುರಿಹಲಗೆಗೋ, ಕಬ್ಬಿಣದ ಜಿಂಕೆಗೋ ಒಂದೆರಡು ಗುಂಡು ಹೊಡೆಸಿ ನಿಮ್ಮ ಕೈ ಹೇಗಿದೆ ಅಂತ ನೋಡುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಎಷ್ಟು ದೊಡ್ಡ ಅನುಭವಿಯಾದರೂ ಅತಿಥಿಗೆ ಈ ಪರೀಕ್ಷೆ ತಪ್ಪಿದ್ದಲ್ಲ. ಇಂಥ ಕಡೆ 150 ಪೌಂಡ್ ಕೊಟ್ಟು ಕೊಂಡ ನಾಲ್ಕು ಕಾಲಿನ ಕೋಲು ಹೊತ್ತುಕೊಂಡು ಹೋದರೆ ಅದು ಹಗಲಿಡೀ ಊರುಗೋಲು, ಅಷ್ಟೇ.

ಕಾಡಿನ ಕಥೆ ಬೇರೆ. ಸಿಟ್ಕಾ ಸ್ಪ್ರೂಸ್ ನೆಡುತೋಪಿನ ನಡುವಿನ ದಾರಿಗಳಲ್ಲಿ, ಹೊಲದಂಚಿನಲ್ಲಿ ರೋ ಜಿಂಕೆ ಸಿಗುತ್ತದೆ. ಅದು ಪುಟ್ಟ ಪ್ರಾಣಿ, ತೂಕ ನಮ್ಮ ಚುಕ್ಕೆ ಜಿಂಕೆಗಿಂತ ಬಹಳ ಕಡಿಮೆ. ಜುಲೈ ಹೊತ್ತಿಗೆ ಜರಿಗಿಡ ಎದೆಯೆತ್ತರ ಬೆಳೆದು ನಿಂತಿರುತ್ತದೆ, ಮಲಗಿದರೆ ಬರೀ ದಂಟು ಕಾಣುತ್ತದೆ. ನಿಂತೇ ಹೊಡೆಯಬೇಕು, ಕೋಲು ಬೇಕೇ ಬೇಕು.

ಕಾಡಿಗೇ ಹೋಗುವುದಾದರೆ ಕೇಳಿ. ಎರಡು ಕಾಲಿನದು ಹಗುರ, ಒಂದೇ ಕೈಯಲ್ಲಿ ಬಿಚ್ಚಬಹುದು. ಎಡಬಲದ ಅಲುಗಾಟ ನಿಲ್ಲಿಸುತ್ತದೆ, ಹಿಂದೆಮುಂದೆ ಓಲಾಡುವುದು ಉಳಿಯುತ್ತದೆ. ಕಾಲುಗಳ ತುದಿಯನ್ನು ತುಸು ಮುಂದಕ್ಕೆ ಊರಿ, ಮೈಯನ್ನೂ ತುಸು ಮುಂದಕ್ಕೆ ಬಾಗಿಸಿದರೆ ಅದೂ ಅರ್ಧಕ್ಕೆ ಇಳಿಯುತ್ತದೆ. ಮೂರು ಕಾಲಿನದು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ, ದುರ್ಬೀನಿನಲ್ಲಿ ನೋಡುವಾಗ ಎರಡೂ ಕೈ ಖಾಲಿ. ಒಂದು ಕಾಲು ಜಿಂಕೆಯ ಕಡೆಗೆ, ಎರಡು ನಿಮ್ಮ ಕಡೆಗೆ ಇರಲಿ. ನಾಲ್ಕು ಕಾಲಿನದು ರೈಫಲ್ಲನ್ನು ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಹಿಡಿಯುತ್ತದೆ. ಸಮತಟ್ಟು ನೆಲದಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಹೊಸಬರು ಮೊದಲ ಸಲ ಅದರ ಮೇಲೆ ರೈಫಲ್ ಇಟ್ಟು ನಗುವುದನ್ನು ನೋಡಿದ್ದೇನೆ. ಆದರೆ ಜಿಂಕೆ ಹತ್ತು ಹೆಜ್ಜೆ ಆಚೆ ನಡೆದರೆ ಮುಗೀತು, ಇಡೀ ಚೌಕಟ್ಟನ್ನೇ ಎತ್ತಿ ತಿರುಗಿಸಿ ಮತ್ತೆ ಊರಬೇಕು, ಅದೂ ಸದ್ದಿಲ್ಲದೆ. ಇಳಿಜಾರಿನಲ್ಲಿ ಇನ್ನೂ ತೊಂದರೆ. ನನ್ನನ್ನು ಕೇಳಿದರೆ ಇಂಗ್ಲೆಂಡಿನ ದಕ್ಷಿಣದ ಸಪಾಟು ಕಾಡಿಗೆ ನಾಲ್ಕು ಕಾಲಿನದು, ಸ್ಕಾಟ್ಲೆಂಡಿನ ಏರಿಳಿತಕ್ಕೆ ಮೂರು ಕಾಲಿನದು. ಗುಂಡಿ ಒತ್ತಿದರೆ ಕಾಲು ತಾನಾಗಿ ಇಳಿಯುವ ಥರದ್ದೂ ಬರುತ್ತದೆ. ಅನುಕೂಲವೇನೋ ಹೌದು, ಭಾರ ಜಾಸ್ತಿ. ಒಳಗೆ ಮಣ್ಣು ನೀರು ಸೇರಿದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಅಂಗಡಿಯಲ್ಲೇ ಎರಡು ಕೆಲಸ ಮಾಡಿ. ಕೋಲು ಪೂರ್ತಿ ಎಳೆದು ನಿಲ್ಲಿಸಿ, ಕತ್ತು ಬಗ್ಗಿಸದೆ ನೇರ ನಿಂತು ಸ್ಕೋಪಿನಲ್ಲಿ, ಅಂದರೆ ರೈಫಲ್ ಮೇಲಿನ ದುರ್ಬೀನಿನಲ್ಲಿ, ನೋಡುವಷ್ಟು ಎತ್ತರ ಬರುತ್ತದಾ ನೋಡಿ. ಗುಡ್ಡದ ಮೇಲ್ಗಡೆ ನಿಂತ ಜಿಂಕೆಗೆ ಇನ್ನೂ ಎತ್ತರ ಬೇಕಾಗುತ್ತದೆ, ಹಾಗಾಗಿ ಒಂದು ಗೇಣು ಹೆಚ್ಚಿಗೆ ಇರಲಿ. ಆಮೇಲೆ ಕೋಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಅಲ್ಯೂಮಿನಿಯಂ ಕಾಲು ಒಂದಕ್ಕೊಂದು ತಾಗಿ ಟಣ್ ಅಂದರೆ ಅಲ್ಲಿ ಬಟ್ಟೆಯ ಟೇಪ್ ಸುತ್ತಬೇಕು. ಕಾಲುಗಳನ್ನು ಕಟ್ಟಿಡಲು ವೆಲ್ಕ್ರೋ ಪಟ್ಟಿ ಕೊಟ್ಟಿದ್ದರೆ ಕಿತ್ತು ಬಿಸಾಕಿ, ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ನಸುಕಿನ ಕಾಡಿನಲ್ಲಿ ವೆಲ್ಕ್ರೋ ಪರ್ರ್ ಅಂದಿತೋ, ಮೇಯುತ್ತಿದ್ದ ರೋ ಜಿಂಕೆ ತಲೆಯೆತ್ತುವ ಮುಂಚೆಯೇ ಎರಡೂ ಕಿವಿ ನಿಮ್ಮ ಕಡೆ ತಿರುಗಿರುತ್ತವೆ. ಆಮೇಲೆ ನಾಯಿ ಬೊಗಳಿದ ಹಾಗೆ ಒಂದು ಬೊಗಳು, ಸುತ್ತಮುತ್ತಲಿನ ಜಿಂಕೆಗಳಿಗೆಲ್ಲ ಡಂಗುರ ಸಾರಿದಂತೆ.

ಪ್ರಶ್ನೆ: ಲೀಡ್ಸ್‌ನಿಂದ ಬರೆಯುತ್ತಿದ್ದೇನೆ. ಮಲಗಿ ಹೊಡೆದರೆ 100 ಮೀಟರಿನಲ್ಲಿ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತವೆ. ಕೋಲಿನ ಮೇಲಿಟ್ಟು ನಿಂತರೆ ಸ್ಕೋಪಿನೊಳಗಿನ ಗೆರೆ ಕುಣಿಯುತ್ತದೆ. ಯಜಮಾನರು ಇನ್ನೂ ದುಬಾರಿ ಕೋಲು ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಕೊಡಿಸಿಕೊಳ್ಳಲಾ?

ಉತ್ತರ: ಕೊಡಿಸಿದರೆ ಬೇಡ ಅನ್ನಬೇಡಿ ಮೇಡಂ, ಆದರೆ ಕುಣಿತ ಅದರಿಂದ ನಿಲ್ಲುವುದಿಲ್ಲ. ತಪ್ಪು ಕೋಲಿನದ್ದಲ್ಲ, ನಿಮ್ಮ ಬಲ ಮೊಣಕೈಯದ್ದು.

ರೈಫಲ್ಲಿನ ಮುಂಭಾಗ ಕೋಲಿನ ಮೇಲೆ ಕೂತಿದೆ, ಸರಿ. ಹಿಂಭಾಗ? ಅದು ನಿಮ್ಮ ಭುಜದಲ್ಲಿದೆ, ಭುಜ ನಿಮ್ಮ ಉಸಿರಿನ ಜೊತೆ ಏಳುತ್ತದೆ ಬೀಳುತ್ತದೆ, ಟ್ರಿಗರ್ ಹಿಡಿದ ಕೈಯ ಮೊಣಕೈ ಕೋಳಿ ರೆಕ್ಕೆಯ ಹಾಗೆ ಗಾಳಿಯಲ್ಲಿ ನಿಂತಿದೆ. ಕುಣಿತ ಹುಟ್ಟುವುದೇ ಅಲ್ಲಿ. ಮೊಣಕೈಯನ್ನು ಇಳಿಸಿ ಪಕ್ಕೆಗೆ ಒತ್ತಿಕೊಳ್ಳಿ. ಪಕ್ಕದಲ್ಲಿ ಮರವಿದ್ದರೆ ಬಲ ತೋಳನ್ನೋ ಬೆನ್ನನ್ನೋ ಅದಕ್ಕೆ ಆನಿಸಿ. ಜೊತೆಗಾರರಿದ್ದರೆ ಅವರ ಭುಜ ನಿಮ್ಮ ಮೊಣಕೈಯ ಕೆಳಗೆ ಬರಲಿ, ಅವರ ಕಿವಿ ನಳಿಗೆಯ ಬಾಯಿಯಿಂದ ಸಾಕಷ್ಟು ಹಿಂದಿರಬೇಕು, ಕಿವಿಗೆ ರಕ್ಷಣೆಯೂ ಇರಬೇಕು. ಕೂತು ಹೊಡೆಯುವ ಅವಕಾಶವಿದ್ದರೆ ಕೂತುಬಿಡಿ. ಕೋಲನ್ನು ಗಿಡ್ಡ ಮಾಡಿ, ಬಲ ಮೊಣಕೈಯನ್ನು ಮೊಣಕಾಲಿನ ಮೇಲೆ ಊರಿದರೆ ಅರ್ಧ ಮಲಗಿದಷ್ಟೇ ಗಟ್ಟಿ.

ಎಡಗೈ ಏನು ಮಾಡುತ್ತಿದೆ ಅಂತ ನೀವು ಬರೆದಿಲ್ಲ. ಅದು ಕೋಲಿನ ತುದಿಯಲ್ಲಿ ರೈಫಲ್ ಕೂರುವ ಕವಲನ್ನೂ ರೈಫಲ್ಲಿನ ಮುಂದಿನ ಮರದ ಭಾಗವನ್ನೂ ಸೇರಿಸಿ ಹಿಡಿದಿರಬೇಕು, ಮೆತ್ತಗೆ. ಹೆಬ್ಬೆರಳು ಬೆಳ್ಳಗಾಗುವಷ್ಟು ಹಿಚುಕಿದರೆ ಆ ನಡುಕವೇ ಗೆರೆಗೆ ಹೋಗುತ್ತದೆ. ನಳಿಗೆಯನ್ನು ಮಾತ್ರ ಕವಲಿನ ಮೇಲೆ ಇಡಲೇಬೇಡಿ. ಮರದ ಭಾಗವೇ ಕೂರಬೇಕು, ನಳಿಗೆ ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗೆರೆ ಪೂರ್ತಿ ನಿಲ್ಲುವುದಿಲ್ಲ, ಯಾರಿಗೂ ನಿಲ್ಲುವುದಿಲ್ಲ. ಅದು ಗುರಿಯ ಮೇಲೆ ಬಂದ ಕ್ಷಣಕ್ಕೆ ಟ್ರಿಗರ್ ಕಿತ್ತರೆ ಗುಂಡು ಖಂಡಿತ ಬೇರೆಡೆಗೆ. ಅಲುಗಾಟ ಸಣ್ಣದಾಗುವವರೆಗೆ ಕಾದು, ಉಸಿರು ಅರ್ಧ ಬಿಟ್ಟು, ಬೆರಳನ್ನು ನಿಧಾನ ಒತ್ತುತ್ತಾ ಹೋಗಿ. ಗುಂಡು ಹೋದ ಮೇಲೂ ತಲೆ ಎತ್ತಬೇಡಿ, ಜಿಂಕೆ ಹೇಗೆ ಅಲುಗಿತು ಅನ್ನುವುದನ್ನು ಸ್ಕೋಪಿನಲ್ಲೇ ನೋಡಿ. ಅದನ್ನು ಎಲ್ಲಿ ಹುಡುಕಬೇಕು ಅನ್ನುವುದು ಆಗಲೇ ಗೊತ್ತಾಗುವುದು.

ದೂರವೆಷ್ಟು ಅನ್ನುವುದನ್ನು ಕಾಗದದ ಮೇಲೆ ನೀವೇ ತೀರ್ಮಾನಿಸಿಕೊಳ್ಳಿ. 10 ಸೆಂ.ಮೀ. ಅಗಲದ ವೃತ್ತ ಬರೆದು 40 ಮೀಟರಿನಿಂದ ಶುರುಮಾಡಿ. ಕೋಲು ಮಡಚಿ ಕೈಯಲ್ಲಿ ಹಿಡಿದು ನಿಂತು, ಬಿಚ್ಚಿ, ಊರಿ, ಹೊಡೆಯಬೇಕು. ಮೊದಲೇ ಊರಿಟ್ಟು ಹೊಡೆದರೆ ಅದು ಕಾಡಿನ ಅಭ್ಯಾಸವಲ್ಲ. ಪ್ರತಿ ಗುಂಡೂ ವೃತ್ತದೊಳಗೆ ಬಿದ್ದರೆ 60ಕ್ಕೆ, ಆಮೇಲೆ 80ಕ್ಕೆ ಹೋಗಿ. ಒಂದೇ ಒಂದು ಹೊರಗೆ ಬಿದ್ದರೂ ಹಿಂದಿನ ದೂರವೇ ನಿಮ್ಮ ಗಡಿ. ಅದಕ್ಕಿಂತ ಆಚೆ ಎಂಥ ಗಂಡು ಜಿಂಕೆ ನಿಂತಿರಲಿ, ರೈಫಲ್ ಇಳಿಸಿ ಇನ್ನೂ ಹತ್ತಿರ ಹೋಗಿ, ಇಲ್ಲವೇ ವಾಪಸ್ ಬನ್ನಿ. ಜಿಂಕೆ ಅಡ್ಡಲಾಗಿ ನಿಂತಿರಬೇಕು, ಗುರಿ ಮುಂಗಾಲಿನ ಹಿಂದೆ ಎದೆಗೂಡಿಗೆ, ಹಿಂದೆ ಗುಂಡು ಹೂತುಹೋಗುವಂಥ ಮಣ್ಣಿನ ಏರು ಇರಬೇಕು. ನಿಂತು ಹೊಡೆಯುವಾಗ ಈ ಏರು ಸಿಗುವುದು ಸುಲಭ, ಮೇಲಿನಿಂದ ಕೆಳಗೆ ಗುಂಡು ಹೋಗುತ್ತದಲ್ವಾ. ಕೂತಾಗ ಇನ್ನೊಂದು ಸಲ ನೋಡಿಕೊಳ್ಳಿ, ಜಿಂಕೆಯ ಹಿಂದೆ ಬರೀ ಆಕಾಶ ಕಂಡರೆ ಹೊಡೆಯುವ ಹಾಗಿಲ್ಲ.

ಪ್ರಶ್ನೆ: ಕೋಲಿನ ವಿಚಾರ ಇರಲಿ. ಪಾಪದ ಪ್ರಾಣಿಯನ್ನು ಯಾಕೆ ಕೊಲ್ಲಬೇಕು? – ಮೈಸೂರಿನ ಓದುಗರು

ಉತ್ತರ: ಕೇಳಬೇಕಾದ ಪ್ರಶ್ನೆಯೇ. ನಮ್ಮ ನಾಗರಹೊಳೆಯಲ್ಲಿ ಜಿಂಕೆಯ ಲೆಕ್ಕ ನೋಡಿಕೊಳ್ಳಲು ಹುಲಿ, ಚಿರತೆ, ಕೆನ್ನಾಯಿ ಇವೆ. ಬ್ರಿಟನ್ನಿನಲ್ಲಿ ತೋಳವೂ ಇಲ್ಲ, ಲಿಂಕ್ಸ್ ಬೆಕ್ಕೂ ಇಲ್ಲ, ಎರಡನ್ನೂ ಅಲ್ಲಿನವರೇ ಎಂದೋ ಮುಗಿಸಿದರು. ಜಿಂಕೆ ಹೆಚ್ಚಾದರೆ ಪೈನ್, ಬರ್ಚ್ ಸಸಿಗಳು ಗೇಣುದ್ದ ಬೆಳೆಯುವ ಮುಂಚೆಯೇ ಹೊಟ್ಟೆ ಸೇರುತ್ತವೆ. ಸ್ಕಾಟ್ಲೆಂಡಿನ ಗ್ಲೆನ್‌ಫೆಶಿ ಕಣಿವೆಯಲ್ಲಿ ಜಿಂಕೆಯ ಸಂಖ್ಯೆ ಬಹಳ ಇಳಿಸಿದ ಮೇಲೆ ಬೇಲಿಯೇ ಇಲ್ಲದೆ ಹಳೆಯ ಪೈನ್ ಕಾಡು ಮತ್ತೆ ಚಿಗುರಿದೆ. ಅಲ್ಲಿ ಹೆಣ್ಣು ಜಿಂಕೆ ಕೊಲ್ಲುವುದಕ್ಕೂ ಕಾಲ ಇದೆ. ಸ್ಕಾಟ್ಲೆಂಡಿನಲ್ಲಿ ಹೆಣ್ಣು ಕೆಂಪು ಜಿಂಕೆಗೆ ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ, ಯಾಕೆಂದರೆ ಆಮೇಲೆ ಬಸಿರು ತುಂಬುತ್ತದೆ, ಬೇಸಿಗೆಯಲ್ಲಿ ಮರಿ ಹಾಲು ಕುಡಿಯುತ್ತಿರುತ್ತದೆ. ಮಾಂಸ ಅಂಗಡಿಗೆ ಹೋಗುತ್ತದೆ. ಇಷ್ಟಾದರೂ ನಿಮಗೆ ಒಪ್ಪಿಗೆಯಾಗದಿದ್ದರೆ ನಾನು ವಾದ ಮಾಡುವುದಿಲ್ಲ. ಆದರೆ ಕೊಲ್ಲುವುದೇ ಆದರೆ ಒಂದೇ ಗುಂಡಿಗೆ ಸಾಯಬೇಕು, ಮೇಲೆ ಇಷ್ಟುದ್ದ ಬರೆದದ್ದು ಅದಕ್ಕೇ.

ಪ್ರಶ್ನೆ: ಮನೆಯಲ್ಲೇ ಮಾಡಿಕೊಳ್ಳಬಹುದಾ? – ರೆಡಿಂಗ್

ಉತ್ತರ: ಆರಾಮಾಗಿ. ಎಷ್ಟೋ ಹಳೆಯ ಸ್ಟಾಕರ್‌ಗಳು ಇವತ್ತಿಗೂ ಹೇಝಲ್ ಮರದ ಎರಡು ಕೋಲಿನಲ್ಲೇ ಕೆಲಸ ಮುಗಿಸುತ್ತಾರೆ. ತೋಟದ ಸಾಮಾನಿನ ಅಂಗಡಿಯಲ್ಲಿ ಬಳ್ಳಿ ಹಬ್ಬಿಸಲು ಮಾರುವ ಬಿದಿರು ಸಿಗುತ್ತದೆ, ಹೆಬ್ಬೆರಳಿಗಿಂತ ದಪ್ಪನಾದ, ಸೀಳಿಲ್ಲದ ಎರಡನ್ನು ಆರಿಸಿ. ನಿಮ್ಮ ಎತ್ತರದಷ್ಟೇ ಉದ್ದ ಇರಲಿ. ತುದಿಯಿಂದ ಒಂದು ಗೇಣು ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಂಟರ ಆಕಾರದಲ್ಲಿ ಬಿಗಿಯಾಗಿ ಸುತ್ತಿ, ಅದೇ ಕೀಲು. ಬಿದಿರಿಗೆ ತೂತು ಕೊರೆದು ಬೋಲ್ಟ್ ಹಾಕಬೇಡಿ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅಲ್ಲಿಂದಲೇ ಸೀಳುತ್ತದೆ. ಮೇಲಿನ ಕವಲಿಗೂ ಟ್ಯೂಬನ್ನೇ ಸುತ್ತಿದರೆ ರೈಫಲ್ ಜಾರುವುದಿಲ್ಲ, ಸದ್ದೂ ಇಲ್ಲ. ಕೆಳಗೆ ಕುರ್ಚಿ ಕಾಲಿನ ರಬ್ಬರ್ ಬೂಟು.

ಪ್ರಶ್ನೆ: ನಾವು ಮಡಿಕೇರಿಯವರು, ಮನೆಯಲ್ಲಿ ಕೋವಿ ಇದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಈ ಕೋಲು ಉಪಯೋಗವಾ?

ಉತ್ತರ: ಸ್ಪರ್ಧೆಗೆ ಬೇಡ. ಕೈಯಾಸರೆಯಲ್ಲೇ ನಿಂತು ಕಾಯಿ ಒಡೆಯುವುದರಲ್ಲೇ ಅದರ ಮಜಾ ಇರುವುದು, ಕೋಲು ಊರಿದರೆ ಪಕ್ಕದವರು ನಗುತ್ತಾರೆ. ಅಭ್ಯಾಸಕ್ಕೆ ಬಳಸಿ, ಟ್ರಿಗರ್ ಬೆರಳು ಒಂದನ್ನೇ ತಿದ್ದಿಕೊಳ್ಳಲು ಒಳ್ಳೆಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನಿನವರಿಗೂ) ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಮಾತ್ರ, ಬೇಟೆಗಲ್ಲ. ಅದು ನಿಮಗೂ ಗೊತ್ತು, ಆದರೂ ಬರೆದಿರುತ್ತೇನೆ.

ಪ್ರಶ್ನೆ: ಕಬಿನಿ ಸಫಾರಿಗೆ ದೊಡ್ಡ ಲೆನ್ಸ್ ಒಯ್ಯುತ್ತೇನೆ. ಇಂಥ ಕೋಲು ಕ್ಯಾಮೆರಾಗೆ ಆಗುತ್ತದಾ?

ಉತ್ತರ: ಕೆರೆ ಏರಿಯ ಮೇಲೆ ನಿಂತು ಹಕ್ಕಿ ನೋಡುವುದಾದರೆ ಎರಡು ಕಾಲಿನ ಕೋಲಿನ ಕವಲಿನಲ್ಲಿ ಬೈನಾಕ್ಯುಲರ್ ಇಟ್ಟು ನೋಡಿ, ಕೈ ಸೋಲುವುದಿಲ್ಲ. ಜೀಪಿನಲ್ಲಿ ಮಾತ್ರ ಯಾವ ಕೋಲೂ ಪ್ರಯೋಜನವಿಲ್ಲ, ಪಕ್ಕದವರು ಮಗ್ಗಲು ಬದಲಿಸಿದರೂ ಗಾಡಿಯೇ ಅಲುಗುತ್ತದೆ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಮುಕ್ಕಾಲು ಭಾಗ ರಾಗಿ ತುಂಬಿ, ಎರಡೂ ಕಡೆ ಹೊಲಿದು ಜೀಪಿನ ಕಂಬಿಯ ಮೇಲೆ ಹಾಕಿಕೊಳ್ಳಿ. ಸಣ್ಣ ಕಾಳು, ಲೆನ್ಸ್ ಚೆನ್ನಾಗಿ ಕೂರುತ್ತದೆ. ಬಿಗಿಯಾಗಿ ಮಾತ್ರ ತುಂಬಬೇಡಿ, ಉರುಳುತ್ತದೆ.